ಸೋಫಾ, ಕುರ್ಚಿಗಳಿಗೆ ಕವರು ಆರಿಸುವ ಬಗೆ

ಹೊಸ ಕವರನ್ನು ಮೊದಲ ಸಲ ಸೋಫಾಕ್ಕೆ ತೊಡಿಸಿದಾಗ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಗುಣ ತಿಳಿಯುವುದು ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ತೊಡಿಸಲು ಹೊರಟಾಗ. ಆಗ ಬಟ್ಟೆ ಕುಗ್ಗಿ ಮೂಲೆಗೆ ಎಟುಕದಿರಬಹುದು, ಎಲಾಸ್ಟಿಕ್ ಸಡಿಲಗೊಂಡು ಕೂರುವ ಜಾಗದಲ್ಲಿ ಸುಕ್ಕು ನಿಲ್ಲಬಹುದು, ಅಥವಾ ಇಡೀ ಕವರು ವಾಷಿಂಗ್ ಮಷೀನಿನಲ್ಲಿ ಹಿಡಿಸದೆ ಒಗೆಯುವ ಕೆಲಸವೇ ತಿಂಗಳುಗಟ್ಟಲೆ ಮುಂದಕ್ಕೆ ಹೋಗಬಹುದು. ಆದ್ದರಿಂದ ಎರಡನೆಯ ಸಲ ತೊಡಿಸುವ ದಿನವನ್ನು ಕಣ್ಣಮುಂದೆ ಇಟ್ಟುಕೊಂಡು ಅಳತೆ, ಬಟ್ಟೆ, ಹೊಲಿಗೆಗಳನ್ನು ನಿರ್ಧರಿಸುವುದು ಒಳ್ಳೆಯದು. ಬಣ್ಣದ ಮಾತು ಕೊನೆಗೆ ಬರಲಿ. ಹೆಚ್ಚಿನವರು ಅದರಿಂದಲೇ ಶುರು ಮಾಡುತ್ತಾರೆ, ತೊಂದರೆಯೂ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಸೋಫಾವನ್ನೇ ಪರೀಕ್ಷಿಸಿ

ಕವರು ಕಲೆಯನ್ನು ಮರೆಮಾಡುತ್ತದೆ, ಮಾಸಿದ ಬಣ್ಣವನ್ನೂ ಸವೆದ ಬಟ್ಟೆಯನ್ನೂ ಮರೆಮಾಡುತ್ತದೆ. ಕುಸಿದ ಆಸನವನ್ನು ಮಾತ್ರ ಮರೆಮಾಡಲಾರದು. ಮೈಗೆ ಅಂಟಿಕೊಳ್ಳುವ ಕವರಾದರೆ ಆ ತಗ್ಗು ಇನ್ನಷ್ಟು ಎದ್ದು ಕಾಣುತ್ತದೆ. ನೇರವಾದ ಉದ್ದನೆಯ ಕೋಲೊಂದನ್ನು ಆಸನದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಡ್ಡಲಾಗಿ ಇಡಿ. ಕೋಲಿಗೂ ಮೆತ್ತೆಗೂ ನಡುವೆ ಮೂರು ಬೆರಳು ಸಲೀಸಾಗಿ ತೂರುವಂತಿದ್ದರೆ ಫೋಮು ತನ್ನ ಆಯುಷ್ಯ ಮುಗಿಸಿದೆ, ಇಲ್ಲವೇ ಕೆಳಗಿನ ಪಟ್ಟಿ ಅಥವಾ ಸ್ಪ್ರಿಂಗು ಜೋತುಬಿದ್ದಿದೆ ಎಂದು ತಿಳಿಯಬೇಕು. ಇವುಗಳಲ್ಲಿ ಯಾವುದು ಎಂದು ತಿಳಿಯಲು ಮೆತ್ತೆಯನ್ನು ಎತ್ತಿ ಬದಿಗಿಟ್ಟು ಕೆಳಗಿನ ಭಾಗವನ್ನು ಅಂಗೈಯಿಂದ ಒತ್ತಿ ನೋಡಿದರೆ ಸಾಕು. ಫೋಮು ಮಾತ್ರ ಹೋಗಿದ್ದರೆ ಅದನ್ನು ಬದಲಿಸುವುದು ಸುಲಭ; ದಿನವೂ ಕೂರುವ ಆಸನಕ್ಕೆ ಘನ ಮೀಟರಿಗೆ 32ರಿಂದ 40 ಕೆ.ಜಿ. ಸಾಂದ್ರತೆಯ ಫೋಮು ತಕ್ಕದ್ದು. ಬೂಷ್ಟು ಹಿಡಿದ ವಾಸನೆ ಬರುತ್ತಿದ್ದರೆ ಅಥವಾ ಹೊಲಿಗೆಯ ಸಂದುಗಳಲ್ಲಿ ತಿಗಣೆಯ ಕಪ್ಪು ಚುಕ್ಕೆಗಳು ಕಂಡರೆ ಅವನ್ನು ಪೂರ್ತಿ ಹೋಗಲಾಡಿಸುವವರೆಗೆ ಕವರಿನ ಯೋಚನೆ ಬೇಡ, ಏಕೆಂದರೆ ಮುಚ್ಚಿದ ಜಾಗದಲ್ಲಿ ಎರಡೂ ಹೆಚ್ಚುತ್ತವೆ.

ಮರದ ಚೌಕಟ್ಟಿನ ಮೇಲೆ ಬಿಡಿ ಮೆತ್ತೆಗಳನ್ನು ಇಟ್ಟ ಸೋಫಾಗಳಿಗೆ ಪೂರ್ಣ ಕವರು ಬೇಕಾಗಿಲ್ಲ. ಪ್ರತಿ ಮೆತ್ತೆಗೂ ಜಿಪ್ ಇರುವ ಗವಸು ಹೊಲಿಸಿದರೆ ಮುಗಿಯಿತು. ಒಳ್ಳೆಯ ಮರದ ಕೈಗಳನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚುವುದರಿಂದ ಅಂದವೂ ಕೆಡುತ್ತದೆ, ಕೆಲಸವೂ ಹೆಚ್ಚುತ್ತದೆ.

ಯಾವ ಬಗೆಯ ಕವರು

ಸಿಗುವ ಕವರುಗಳನ್ನು ಸ್ಥೂಲವಾಗಿ ಮೂರು ಬಗೆಗಳಾಗಿ ನೋಡಬಹುದು. ಮೊದಲನೆಯದು ಹಿಗ್ಗುವ ಹೆಣಿಗೆ ಬಟ್ಟೆಯದು. ಪಾಲಿಯೆಸ್ಟರ್ ನೂಲಿನ ಜೊತೆಗೆ ಸ್ವಲ್ಪ ಸ್ಪ್ಯಾಂಡೆಕ್ಸ್ ಸೇರಿರುವುದರಿಂದ ಅದು ಸೋಫಾದ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಎರಡನೆಯದು ಹಿಗ್ಗದ ನೇಯ್ಗೆ ಬಟ್ಟೆಯಿಂದ, ಅಂದರೆ ದಪ್ಪ ಹತ್ತಿ, ಡೆನಿಮ್, ಲಿನನ್ ಇತ್ಯಾದಿಗಳಿಂದ, ಆಯಾ ಸೋಫಾದ ಅಳತೆಗೇ ಕತ್ತರಿಸಿ ಹೊಲಿದದ್ದು. ಮೂರನೆಯದು ಮೇಲೆ ಹಾಸುವ ಹೊದಿಕೆ: ಆಸನ, ಬೆನ್ನು, ಕೈಗಳ ಮೇಲೆ ಇಳಿಬೀಳುವ ಹೊಲಿದ ಹಾಸು, ಹಿಂದೆ ಎಳೆದು ಕಟ್ಟುವ ಪಟ್ಟಿ. ಈ ಹಾಸು ಬಗೆಯನ್ನು ಕೆಲವರು ಕೀಳಾಗಿ ಕಾಣುತ್ತಾರೆ. ಆದರೆ ಚಿಕ್ಕ ಮಕ್ಕಳು ಅಥವಾ ನಾಯಿ ಇರುವ ಮನೆಯಲ್ಲಿ ವಾರಕ್ಕೊಮ್ಮೆ ಎರಡು ನಿಮಿಷದಲ್ಲಿ ತೆಗೆದು ಒಗೆಯಲು ಬರುವ ಹಾಸು, ವರ್ಷಕ್ಕೊಮ್ಮೆ ಮಾತ್ರ ಬಿಚ್ಚುವ ಸುಂದರವಾದ ಕವರಿಗಿಂತ ಎಷ್ಟೋ ಮೇಲು.

ಸಿದ್ಧ ಕವರು ಸಾಕೇ, ಹೊಲಿಸಬೇಕೇ ಎಂಬುದು ಸೋಫಾದ ಆಕಾರವನ್ನು ಅವಲಂಬಿಸಿದೆ. ನೇರ ಬೆನ್ನು, ಸಾದಾ ಕೈಗಳು, ಬಿಡಿಸಿ ತೆಗೆಯಬಹುದಾದ ಮೆತ್ತೆಗಳು ಇದ್ದರೆ ಹಿಗ್ಗುವ ಸಿದ್ಧ ಕವರು ಚೆನ್ನಾಗಿ ಕೂರುತ್ತದೆ. ಮೆತ್ತೆಯ ಮುಂಭಾಗ ಎರಡೂ ಬದಿಗೆ ಚಾಚಿ ಕೈಗಳ ಮುಂದಕ್ಕೆ ಬಂದಿದ್ದರೆ, ಬೆನ್ನು ಒಂದು ಕಡೆ ಎತ್ತರ ಇನ್ನೊಂದು ಕಡೆ ತಗ್ಗಾಗಿದ್ದರೆ, ಕೈಗಳು ದಿಂಬಿನಂತೆ ಉಬ್ಬಿ ಹೊರಳಿಕೊಂಡಿದ್ದರೆ ಸಿದ್ಧ ಕವರು ಎಲ್ಲೋ ಒಂದು ಕಡೆ ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಜೋಲುತ್ತದೆ. ಅಂಥವುಗಳಿಗೆ ಹೊಲಿಸುವುದೇ ಸರಿ.

ಅಳತೆ

ಸೋಫಾ ಕೊಂಡಾಗಿನ ಚೀಟಿಯಲ್ಲಿದ್ದ ಅಳತೆಯನ್ನು ನಂಬಬೇಡಿ. ಅದು ಕೋಣೆಯಲ್ಲಿ ಎಷ್ಟು ಜಾಗ ಬೇಕೆಂಬುದನ್ನು ಹೇಳುತ್ತದೆಯೇ ಹೊರತು ಬಟ್ಟೆ ಎಷ್ಟು ದೂರ ಸಾಗಬೇಕೆಂಬುದನ್ನಲ್ಲ. ದರ್ಜಿಗಳು ಬಳಸುವ ಬಾಗುವ ಟೇಪನ್ನು ತೆಗೆದುಕೊಂಡು ಸೋಫಾವನ್ನು ಗೋಡೆಯಿಂದ ಮುಂದಕ್ಕೆ ಎಳೆದು ಅಳೆಯಿರಿ. ಮೊದಲು ಒಂದು ಕೈಯ ಹೊರ ಅಂಚಿನಿಂದ ಇನ್ನೊಂದು ಕೈಯ ಹೊರ ಅಂಚಿನವರೆಗೆ, ಅತಿ ಅಗಲವಾದ ಜಾಗದಲ್ಲಿ, ಆಮೇಲೆ ಎರಡು ಕೈಗಳ ನಡುವಣ ಆಸನದ ಅಗಲ, ಆಸನದ ಆಳ, ನೆಲದಿಂದ ಬೆನ್ನಿನ ತುದಿಯವರೆಗಿನ ಎತ್ತರ, ಕೈಗಳ ಎತ್ತರ ಮತ್ತು ದಪ್ಪ, ಕೊನೆಗೆ ಮೆತ್ತೆಯ ದಪ್ಪ. ಬಹಳಷ್ಟು ಸಿದ್ಧ ಕವರುಗಳು ಹೇಳುವ ಅಗಲ ಹೊರ ಅಂಚಿನಿಂದ ಹೊರ ಅಂಚಿನದು. ಹಾಸುವ ಬಗೆಯವು ಮಾತ್ರ ಆಸನದ ಅಗಲವನ್ನು ಹೇಳುವುದುಂಟು. ಎರಡು ಕೈಗಳೂ ಸೇರಿ 40 ಸೆಂ.ಮೀ. ದಪ್ಪವಿದ್ದರೆ ಈ ಎರಡು ಅಳತೆಗಳಿಗೆ ಅಷ್ಟೇ ಅಂತರ ಬೀಳುತ್ತದೆ. ಕವರು ಸರಿಬರದೆ ಹಿಂದಕ್ಕೆ ಹೋಗಲು ಈ ಗೊಂದಲವೊಂದೇ ಸಾಕು.

ಅಳತೆಯಲ್ಲಿ ಎಲ್ಲರೂ ಮರೆಯುವ ಜಾಗವೆಂದರೆ ಸಂದು. ಆಸನ ಮತ್ತು ಬೆನ್ನು ಸೇರುವಲ್ಲಿ, ಆಸನ ಮತ್ತು ಕೈ ಸೇರುವಲ್ಲಿ ಅಂಗೈಯನ್ನು ನೇರವಾಗಿ ಒಳಕ್ಕೆ ತೂರಿಸಿ, ಬೆರಳು ಗಟ್ಟಿಯಾದ ಚೌಕಟ್ಟಿಗೆ ತಾಗುವವರೆಗೆ ಒತ್ತಿ, ಹೊರಗೆ ಬಟ್ಟೆಯ ಮಟ್ಟದಲ್ಲಿ ನಿಮ್ಮ ಕೈಯ ಯಾವ ಜಾಗ ನಿಂತಿದೆ ಎಂದು ಗುರುತಿಸಿಕೊಂಡು, ಬೆರಳ ತುದಿಯಿಂದ ಅಲ್ಲಿಯವರೆಗೆ ಟೇಪಿನಿಂದ ಅಳೆಯಿರಿ. ಹೆಚ್ಚಿನ ಸೋಫಾಗಳಲ್ಲಿ ಈ ಆಳ 10ರಿಂದ 15 ಸೆಂ.ಮೀ. ಇರುತ್ತದೆ. ಕವರಿನ ಬಟ್ಟೆ ಅಷ್ಟು ಆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಬರಬೇಕು, ಅಂದರೆ ಅದರ ಎರಡರಷ್ಟು ಬಟ್ಟೆ ಹೆಚ್ಚಿಗೆ ಬೇಕು. ಕೂತವರು ಮುಂದಕ್ಕೆ ಜಾರಿದಾಗ ಕವರು ಎದ್ದುಬರದಂತೆ ಹಿಡಿದಿಡುವುದು ಸಂದಿನೊಳಗೆ ಸಿಕ್ಕಿಸಿದ ಈ ಬಟ್ಟೆಯೇ. ಹೊಲಿಸುವಾಗ ಬಟ್ಟೆ ಉಳಿಸಲೆಂದು ಇದನ್ನು ಕಡಿಮೆ ಮಾಡಿದರೆ ಕವರನ್ನು ದಿನಕ್ಕೆ ಹಲವು ಸಲ ಎಳೆದು ಸರಿಪಡಿಸುವ ಕೆಲಸ ಗಂಟುಬೀಳುತ್ತದೆ. ಸಂದೇ ಇಲ್ಲದಂತೆ ಆಸನವನ್ನೂ ಬೆನ್ನನ್ನೂ ಸೇರಿಸಿ ಹೊಲಿದ ಸೋಫಾ ಆಗಿದ್ದರೆ ಪೂರ್ಣ ಕವರು ನಿಲ್ಲುವುದು ಕಷ್ಟ. ಅದಕ್ಕೆ ಹಿಂದೆ ಕಟ್ಟುವ ಪಟ್ಟಿಯಿರುವ ಹಾಸೇ ವಾಸಿ.

ಹಿಗ್ಗುವ ಕವರುಗಳ ಮೇಲೆ ಅಳತೆಯ ಮಿತಿಯನ್ನು ಕೊಟ್ಟಿರುತ್ತಾರೆ. ಉದಾಹರಣೆಗೆ 180ರಿಂದ 230 ಸೆಂ.ಮೀ. ಎಂದಿದ್ದು ನಿಮ್ಮ ಸೋಫಾ 228 ಇದ್ದರೆ, ಕಾಗದದ ಮೇಲೆ ಅದು ಹೊಂದುತ್ತದೆ, ನಿಜದಲ್ಲಿ ಹೊಂದುವುದಿಲ್ಲ. ಕೊನೆಯ ಮಿತಿಗೆ ಎಳೆದ ಹೆಣಿಗೆಯ ಕಣ್ಣುಗಳು ತೆರೆದುಕೊಂಡು ಕೆಳಗಿನ ಬಣ್ಣ ಇಣುಕುತ್ತದೆ, ಹೊಲಿಗೆಗಳ ಮೇಲೆ ಭಾರ ಬೀಳುತ್ತದೆ, ಸಂದಿಗೆ ಸಿಕ್ಕಿಸಲು ಬಟ್ಟೆಯೇ ಉಳಿಯುವುದಿಲ್ಲ. ನಿಮ್ಮ ಅಳತೆ ಆ ಮಿತಿಯ ನಡುಭಾಗದಲ್ಲಿ ಬರುವಂಥ ಕವರನ್ನು ಹುಡುಕಿ. ಆಸನದ ಮೆತ್ತೆಗಳಿಗೆ ಬೇರೆ ಬೇರೆ ಗವಸು ಇರುವ ಜೋಡಿಯು ಒಂದೇ ತುಂಡಿನ ಕವರಿಗಿಂತ ತೊಡಿಸಲು ತುಸು ನಿಧಾನವಾದರೂ ಕೂತೆದ್ದಾಗ ಕಡಿಮೆ ಸರಿಯುತ್ತದೆ. ಕಲೆಯಾದಾಗ ಒಂದೇ ಗವಸನ್ನು ತೆಗೆದು ಒಗೆಯಲೂಬಹುದು.

ಬಟ್ಟೆ

ಹಿಗ್ಗುವ ಗುಣ ಕೊಡುವ ಸ್ಪ್ಯಾಂಡೆಕ್ಸ್ ನೂಲನ್ನು 1958ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನವಿಜ್ಞಾನಿ ಜೋಸೆಫ್ ಶಿವರ್ಸ್ ರೂಪಿಸಿದರು. ಆಗ ಒಳಉಡುಪುಗಳಲ್ಲಿ ಬಳಸುತ್ತಿದ್ದ ರಬ್ಬರಿಗೆ ಬದಲಿ ಬೇಕಾಗಿತ್ತು. ಅದು ಪಾಲಿಯುರೆಥೇನ್ ಜಾತಿಯ ವಸ್ತುವಾದ್ದರಿಂದ ಹೆಚ್ಚಿನ ಶಾಖಕ್ಕೂ ಕ್ಲೋರಿನ್ ಬ್ಲೀಚಿಗೂ ಸೋಲುತ್ತದೆ. ಬಿಸಿನೀರಿನಲ್ಲಿ ಒಗೆದು, ಬಿಸಿಗಾಳಿಯಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಹಿಗ್ಗುವ ಕವರು ಬಹುಬೇಗ ಜೋಲುವುದು ಇದರಿಂದಲೇ. ಬಿಸಿನೀರಿನಲ್ಲಿ ಒಗೆಯುವ ಅಭ್ಯಾಸವನ್ನು ಬಿಡಲಾಗದವರು ಈ ಬಗೆಯನ್ನು ಆರಿಸದಿರುವುದೇ ಲೇಸು. ಬಟ್ಟೆ ಒಂದೇ ದಿಕ್ಕಿಗೆ ಹಿಗ್ಗುತ್ತದೆಯೋ, ಅಡ್ಡಕ್ಕೂ ಉದ್ದಕ್ಕೂ ಹಿಗ್ಗುತ್ತದೆಯೋ ಎಂಬುದನ್ನೂ ಎಳೆದು ನೋಡಿ; ಎರಡೂ ಕಡೆಗೆ ಹಿಗ್ಗುವುದು ಮೂಲೆಗಳಲ್ಲಿ ಚೆನ್ನಾಗಿ ಕೂರುತ್ತದೆ.

ಹತ್ತಿಯ ದಪ್ಪ ಬಟ್ಟೆಗಳು ಸೆಕೆಗೆ ಹಿತವಾಗಿರುತ್ತವೆ, ಬೆವರನ್ನು ಹೀರುತ್ತವೆ, ಬಹಳ ದಿನ ಬಾಳುತ್ತವೆ. ಅವುಗಳ ದೊಡ್ಡ ದೋಷ ಕುಗ್ಗುವಿಕೆ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಶೇ. 3ರಿಂದ 5ರಷ್ಟು, ಸಡಿಲ ನೇಯ್ಗೆಯದಾದರೆ ಇನ್ನೂ ಹೆಚ್ಚು ಕುಗ್ಗಬಹುದು. ಕೇಳಲು ಸಣ್ಣದೆನಿಸುವ ಈ ಶೇ. 5 ಎಂಬುದು 180 ಸೆಂ.ಮೀ. ಉದ್ದದ ಆಸನದ ಮೇಲೆ 9 ಸೆಂ.ಮೀ. ಆಗುತ್ತದೆ, ಎಂದರೆ ಸಂದಿಗೆಂದು ಬಿಟ್ಟುಕೊಂಡ ಬಟ್ಟೆಯ ಒಳ್ಳೆಯ ಪಾಲು ಅದರಲ್ಲೇ ಹೋಯಿತು. ಸ್ಯಾನ್‌ಫರೈಸ್ಡ್ ಎಂದು ಗುರುತಿರುವ ಬಟ್ಟೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸಿರುತ್ತಾರೆ. ಆ ಗುರುತಿಲ್ಲದ ಬಟ್ಟೆಯನ್ನು ಹೊಲಿಸುವ ಮುನ್ನ, ಮುಂದೆ ಹೇಗೆ ಒಗೆಯುತ್ತೀರೋ ಅದೇ ರೀತಿಯಲ್ಲಿ ಒಮ್ಮೆ ಒಗೆದು ಒಣಗಿಸಿಯೇ ಕೊಡಬೇಕು. ಅಂಚಿಗೆ ಹಾಕುವ ಪೈಪಿಂಗಿನ ಹುರಿಯನ್ನೂ ಹಾಗೆಯೇ ಒಗೆಯಬೇಕು. ಬಟ್ಟೆ ಕುಗ್ಗದೆ ಹುರಿ ಮಾತ್ರ ಕುಗ್ಗಿದರೆ ಅಂಚೆಲ್ಲ ನೆರಿಗೆಗಟ್ಟಿ ಕೂರುತ್ತದೆ.

ಲಿನನ್ನಿಗೆ ಸುಕ್ಕು ಹುಟ್ಟುಗುಣ. ಸುಕ್ಕನ್ನೇ ಅಂದವೆಂದು ಒಪ್ಪುವವರಿಗೆ ಮಾತ್ರ ಅದು ಸರಿ. ಹತ್ತಿ ಬೆರೆತ ಲಿನನ್ ಸ್ವಲ್ಪ ಸುಧಾರಿಸುತ್ತದೆ. ಮಖಮಲ್ಲಿನಂಥ ಬಟ್ಟೆಯಲ್ಲಿ ರೋಮದ ದಿಕ್ಕು ನೋಡಬೇಕು, ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇಲ್ಲದಿದ್ದರೆ ಒಂದೇ ಬಟ್ಟೆ ಎರಡು ಬಣ್ಣದಂತೆ ಕಾಣುತ್ತದೆ. ಹತ್ತಿಯದಾಗಲಿ ಮಿಶ್ರಣದ್ದಾಗಲಿ, ಹೊಲಿಸುವ ಕವರಿನ ನೇಯ್ಗೆ ಬಟ್ಟೆ ಚದರ ಮೀಟರಿಗೆ 250ರಿಂದ 400 ಗ್ರಾಂ ತೂಗಿದರೆ ಒಳ್ಳೆಯದು. ಅದಕ್ಕಿಂತ ತೆಳುವಾದದ್ದು ನಿಲ್ಲುವುದಿಲ್ಲ, ಅದಕ್ಕಿಂತ ದಪ್ಪವಾದದ್ದು ನಾಲ್ಕು ಪದರ ಸೇರುವ ಮೂಲೆಗಳಲ್ಲಿ ಮನೆಯ ಹೊಲಿಗೆ ಯಂತ್ರಕ್ಕೆ ಜಗ್ಗುವುದಿಲ್ಲ.

ಪೀಠೋಪಕರಣಕ್ಕೆಂದೇ ಮಾರುವ ಬಟ್ಟೆಯ ಮೇಲೆ ಮಾರ್ಟಿಂಡೇಲ್ ಎಂಬ ಸಂಖ್ಯೆ ಇರುವುದುಂಟು. ಬಟ್ಟೆ ಎಷ್ಟು ಸುತ್ತು ಉಜ್ಜುವಿಕೆಯನ್ನು ತಾಳಿತೆಂಬುದನ್ನು ಅದು ಹೇಳುತ್ತದೆ. ಮನೆಯ ಸಾಮಾನ್ಯ ಬಳಕೆಗೆ 15,000ದಿಂದ 25,000 ಸಾಕು, ದಿನವಿಡೀ ಯಾರಾದರೂ ಕೂತಿರುವ ಸೋಫಾಕ್ಕೆ 30,000ದ ಹತ್ತಿರದ್ದನ್ನು ನೋಡಬಹುದು. ಆದರೆ ಇದು ಸವೆತದ ಲೆಕ್ಕ ಮಾತ್ರ. ಬೆಕ್ಕಿನ ಉಗುರಿನ ಬಗ್ಗೆಯೂ ಬಣ್ಣದ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ. ಬಿಸಿಲಿಗೆ ಬಣ್ಣ ತಾಳುವ ಗುಣವನ್ನು 1ರಿಂದ 8ರವರೆಗಿನ ಬೇರೊಂದು ಮಾಪನದಲ್ಲಿ ಕೊಡುತ್ತಾರೆ. ಅದರಲ್ಲಿ 8 ಅತ್ಯುತ್ತಮ; ಕಿಟಕಿಯ ಬಳಿಯ ಸೋಫಾಕ್ಕೆ 5 ಅಥವಾ ಅದಕ್ಕೂ ಮೇಲಿನದನ್ನು ಆರಿಸಿ.

ಮಾದರಿ ತುಂಡಿನ ಪರೀಕ್ಷೆ

ಸಾಧ್ಯವಾದಲ್ಲೆಲ್ಲ ಅಂಗೈಗಿಂತ ದೊಡ್ಡದಾದ ಮಾದರಿ ತುಂಡನ್ನು ತರಿಸಿಕೊಳ್ಳಿ. ಹಿಗ್ಗುವ ಬಟ್ಟೆಯಾದರೆ ಪೆನ್ನಿನಿಂದ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಗುರುತುಗಳ ನಡುವಣ ದೂರ 13 ಸೆಂ.ಮೀ. ಆಗುವವರೆಗೆ ಎಳೆದು, ನಿಧಾನವಾಗಿ ಹತ್ತು ಎಣಿಸಿ ಬಿಡಿ. ಒಂದೆರಡು ನಿಮಿಷದ ಮೇಲೆ ಅಳೆದಾಗ ಅದು 10ಕ್ಕೇ ಮರಳಿದ್ದರೆ ಬಟ್ಟೆ ಒಳ್ಳೆಯದು. ಅರ್ಧ ಸೆಂ.ಮೀ. ಉಳಿದುಕೊಂಡಿದ್ದರೆ ಆ ಬಟ್ಟೆಯ ಕವರು ಕೆಲವೇ ವಾರಗಳಲ್ಲಿ ಆಸನದ ಮೇಲೆ ಅಲೆ ಅಲೆಯಾಗಿ ಬೀಳುತ್ತದೆ. ಅದೇ ತುಂಡನ್ನು ಹಿಗ್ಗಿಸಿ ಹಿಡಿದು ಸೋಫಾದ ಮೇಲಿನ ಅತಿ ಕಡು ಬಣ್ಣದ ಜಾಗಕ್ಕೆ, ಇಲ್ಲವೇ ಅತಿ ಕೆಟ್ಟ ಕಲೆಯ ಮೇಲೆ ಇಟ್ಟು ನೋಡಿದರೆ ಕೆಳಗಿನದು ಕಾಣುತ್ತದೆಯೇ ಎಂಬುದೂ ಗೊತ್ತಾಗುತ್ತದೆ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಿಂದ ತುಂಡನ್ನು ಇಪ್ಪತ್ತು ಸಲ ಒತ್ತಿ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಕೂತವರ ತಿಳಿಬಣ್ಣದ ಉಡುಪಿಗೂ ಹತ್ತುತ್ತದೆ. ಕಡು ನೀಲಿ, ಕಪ್ಪು, ಕೆಂಪು ಬಣ್ಣಗಳಲ್ಲಿ ಈ ಪರೀಕ್ಷೆಯನ್ನು ಬಿಡಲೇಬೇಡಿ. ಮುಷ್ಟಿಯಲ್ಲಿ ಅರ್ಧ ನಿಮಿಷ ಮುದುಡಿ ಹಿಡಿದು ಬಿಟ್ಟರೆ ಸುಕ್ಕಿನ ಸ್ವಭಾವ ತಿಳಿಯುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಜೋರಾಗಿ ತಿಕ್ಕಿದಾಗ ಸಣ್ಣ ಉಂಡೆಗಳು ಏಳುವಂತಿದ್ದರೆ ತೊಡೆ, ಮೊಣಕೈ ತಾಗುವ ಜಾಗದಲ್ಲಿ ಅವು ಏಳುವುದು ಖಂಡಿತ. ಕೊನೆಯದಾಗಿ, 20 ಸೆಂ.ಮೀ. ಚೌಕದ ತುಂಡನ್ನು ಒಗೆದು ಒಣಗಿಸಿ ಮತ್ತೆ ಅಳೆದರೆ, ಅದು 19 ಸೆಂ.ಮೀ. ಆಗಿದ್ದಲ್ಲಿ ಶೇ. 5ರಷ್ಟು ಕುಗ್ಗಿತೆಂದು ನೇರವಾಗಿಯೇ ಗೊತ್ತಾಗುತ್ತದೆ.

ನೀರು, ಉಗುರು, ಚರ್ಮ

ನೀರು ತಡೆಯುವ ಕವರು ಎಂಬ ಮಾತನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಮೇಲ್ಮೈಗೆ ಲೇಪ ಕೊಟ್ಟ ಬಟ್ಟೆಯಲ್ಲಿ ಚೆಲ್ಲಿದ ನೀರು ಸ್ವಲ್ಪ ಹೊತ್ತು ಹನಿಹನಿಯಾಗಿ ನಿಲ್ಲುತ್ತದೆ, ತಕ್ಷಣ ಒರೆಸಿದರೆ ಕಲೆಯಾಗದು, ಬಿಟ್ಟರೆ ಇಳಿಯುತ್ತದೆ. ಕೆಳಗೆ ಪಾಲಿಯುರೆಥೇನ್ ಪದರ ಅಂಟಿಸಿದ ಬಟ್ಟೆ ನಿಜವಾಗಿ ನೀರನ್ನು ತಡೆಯುತ್ತದೆ, ಆದರೆ ಗಾಳಿಯೂ ಸರಿಯಾಗಿ ಆಡದೆ ಕೂತವರಿಗೆ ಬೆವರುತ್ತದೆ. ಹೊಲಿಗೆಯ ಸೂಜಿ ತೂರಿದ ರಂಧ್ರಗಳಲ್ಲಿ ನೀರು ಇಳಿಯುವ ಸಾಧ್ಯತೆ ಎರಡರಲ್ಲೂ ಇದೆ. ಹಾಸಿಗೆ ಒದ್ದೆ ಮಾಡುವ ವಯಸ್ಸಿನ ಮಗುವೋ ಕಾಯಿಲೆಯ ಹಿರಿಯರೋ ಮನೆಯಲ್ಲಿದ್ದರೆ, ಇಡೀ ಕವರಿಗೆ ಇಂಥ ಬಟ್ಟೆ ಹಾಕುವ ಬದಲು ಆಸನದ ಮೆತ್ತೆಗೆ ಮಾತ್ರ ನೀರು ತಡೆಯುವ ಒಳಗವಸು ಹಾಕಿ ಮೇಲೆ ಸಾಧಾರಣ ಬಟ್ಟೆಯ ಕವರನ್ನು ತೊಡಿಸುವುದು ಹೆಚ್ಚು ಹಿತ.

ಬೆಕ್ಕು ಸಾಕಿದವರು ನೂಲಿನ ಕುಣಿಕೆ ಮೇಲೆದ್ದಿರುವ ಒರಟು ನೇಯ್ಗೆಯನ್ನು ದೂರವಿಡಬೇಕು, ಉಗುರು ಸಿಕ್ಕಿಕೊಳ್ಳುವುದು ಅಲ್ಲೇ. ಒತ್ತಾದ ನೇಯ್ಗೆಯ ಮೈಕ್ರೋಫೈಬರ್ ಅಥವಾ ಗಿಡ್ಡ ರೋಮದ ಮಖಮಲ್ಲು ಅದಕ್ಕಿಂತ ಹೆಚ್ಚು ತಾಳುತ್ತದೆ. ಉದುರಿದ ಕೂದಲು ಬಟ್ಟೆಯ ಬಣ್ಣಕ್ಕೆ ಹೊಂದಿದರೆ ಕಾಣದು ಎಂಬುದೂ ಒಂದು ಲೆಕ್ಕಾಚಾರವೇ.

ಚರ್ಮದ ಅಥವಾ ರೆಕ್ಸಿನ್ ಸೋಫಾದ ಮೇಲೆ ಕವರು ಜಾರುತ್ತದೆ. ಜಾರದಿರಲೆಂದು ರಬ್ಬರಿನ ಚುಕ್ಕೆಗಳೋ ಹಾಳೆಯೋ ಇರುವ ಕವರನ್ನು ಹಾಕಿದರೆ, ಅದು ಬಹುಕಾಲ ಒತ್ತಿಕೊಂಡಿದ್ದ ಜಾಗದಲ್ಲಿ ಮೇಲ್ಮೈಯ ಬಣ್ಣ ಕೆಡುವುದುಂಟು. ಒಳಮೈ ಒರಟಾದ ಹತ್ತಿಯದಿದ್ದು ಹಿಂದೆ ಮತ್ತು ಕೆಳಗೆ ಪಟ್ಟಿ ಕಟ್ಟುವಂಥದ್ದು ಅಲ್ಲಿ ಸೂಕ್ತ. ಬಣ್ಣ ಬಿಡುವ ಬಟ್ಟೆಯಂತೂ ತಿಳಿಬಣ್ಣದ ಚರ್ಮದ ಮೇಲೆ ಬೇಡವೇ ಬೇಡ.

ರಿಕ್ಲೈನರಿಗೆ ಬೆನ್ನು, ಆಸನ, ಕೈ, ಕಾಲಿಡುವ ಹಲಗೆ ಎಂದು ಬಿಡಿ ತುಂಡುಗಳಿರುವ ಕವರೇ ಬೇಕು. ತೊಡಿಸಿದ ಮೇಲೆ ಪೂರ್ತಿ ಹಿಂದಕ್ಕೆ ಒರಗಿಸಿ, ಬಟ್ಟೆ ಕೀಲಿಗೆ ಸಿಕ್ಕುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಲ್ ಆಕಾರದ ಸೋಫಾಕ್ಕೆ, ಎದುರಿಗೆ ನಿಂತು ನೋಡಿದಾಗ ಉದ್ದ ಭಾಗ ನಿಮ್ಮ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಬರೆದುಕೊಂಡೇ ಕೊಳ್ಳಿ. ಊಟದ ಕುರ್ಚಿಗಳಿಗೆ ಆಸನಕ್ಕೆ ಮಾತ್ರ ಹಾಕುವ, ಅಂಚಿನಲ್ಲಿ ಎಲಾಸ್ಟಿಕ್ ಇರುವ ಗವಸು ಸಾಕು.

ಹೊಲಿಸುವುದಾದರೆ

ಮೂರು ಜನ ಕೂರುವ ಸೋಫಾಕ್ಕೆ, ಮೆತ್ತೆಗಳ ಗವಸೂ ಸೇರಿ, 140 ಸೆಂ.ಮೀ. ಪನ್ನದ ಬಟ್ಟೆ ಸಾಮಾನ್ಯವಾಗಿ 12ರಿಂದ 15 ಮೀಟರ್ ಹಿಡಿಯುತ್ತದೆ. ದೊಡ್ಡ ಹೂವಿನ ಅಥವಾ ಪಟ್ಟೆಯ ವಿನ್ಯಾಸವಾದರೆ ತುಂಡುಗಳು ಕೂಡುವಲ್ಲಿ ವಿನ್ಯಾಸವನ್ನು ಹೊಂದಿಸಬೇಕಾದ್ದರಿಂದ ಇನ್ನೂ ಹೆಚ್ಚು ಬೇಕು. ಇಲ್ಲಿ ತೂಕದ ಲೆಕ್ಕವನ್ನೂ ಹಾಕಿ ನೋಡುವುದು ಜಾಣತನ: 12 ಮೀಟರ್ ಉದ್ದ, 1.4 ಮೀಟರ್ ಅಗಲ, ಚದರ ಮೀಟರಿಗೆ 300 ಗ್ರಾಂ ಎಂದರೆ ಒಣಗಿದಾಗಲೇ ಕವರು 5 ಕೆ.ಜಿ. ದಾಟುತ್ತದೆ. ಮಷೀನಿನ ಮೇಲೆ 6 ಅಥವಾ 7 ಕೆ.ಜಿ. ಎಂದು ಬರೆದಿದ್ದರೂ ಇಷ್ಟು ದಪ್ಪದ ಬಟ್ಟೆ ಒಂದೇ ತುಂಡಾಗಿ ಒಳಗೆ ಹೊರಳಲು ಜಾಗವಿರುವುದಿಲ್ಲ. ಕೈಯಲ್ಲಿ ಒಗೆಯುವವರಂತೂ ನೀರು ಹೀರಿದ ಅಷ್ಟು ಬಟ್ಟೆಯನ್ನು ಎತ್ತಿ ಹಿಂಡುವ ಕಷ್ಟವನ್ನು ಊಹಿಸಿಕೊಳ್ಳಬಹುದು. ಆದ್ದರಿಂದ ಚೌಕಟ್ಟಿನ ಭಾಗ ಬೇರೆ, ಪ್ರತಿ ಮೆತ್ತೆಯ ಗವಸು ಬೇರೆ ಎಂದು ಹೊಲಿಸಿ. ಚೌಕಟ್ಟಿನ ಕವರಿಗೆ ಹಿಂಬದಿಯ ಒಂದು ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಜಿಪ್ ಇರಿಸಿದರೆ ಒಬ್ಬರೇ ತೊಡಿಸಬಹುದು. ಕೆಳ ಅಂಚು ನೆಲಕ್ಕೆ ತಾಗದೆ ಒಂದು ಬೆರಳಗಲ ಮೇಲೆ ನಿಲ್ಲಲಿ, ಇಲ್ಲವಾದರೆ ನೆಲ ಒರೆಸಿದಾಗಲೆಲ್ಲ ಕೊಳೆ ಹಿಡಿಯುತ್ತದೆ.

ಬಣ್ಣದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಅಚ್ಚ ಬಿಳಿಯೂ ಅಚ್ಚ ಕಪ್ಪೂ ಕೊಳೆಯನ್ನು ಒಂದೇ ಸಮ ತೋರಿಸುತ್ತವೆ, ಒಂದು ಕಲೆಯನ್ನು, ಇನ್ನೊಂದು ಧೂಳನ್ನು. ಎರಡು ಮೂರು ಛಾಯೆಯ ನೂಲು ಬೆರೆತ ನಡುವಣ ಬಣ್ಣಗಳು ಎರಡನ್ನೂ ತಕ್ಕಮಟ್ಟಿಗೆ ಮರೆಸುತ್ತವೆ. ಮಾದರಿ ತುಂಡನ್ನು ಸೋಫಾದ ಮೇಲಿಟ್ಟು ಹಗಲಿನಲ್ಲೊಮ್ಮೆ, ರಾತ್ರಿ ದೀಪದಲ್ಲೊಮ್ಮೆ ನೋಡಿ ನಿರ್ಧರಿಸಿ.

ತೊಡಿಸುವುದು, ಒಗೆಯುವುದು

ತೊಡಿಸುವಾಗ ಬೆನ್ನಿನ ಎರಡು ಮೇಲ್ಮೂಲೆಗಳಿಂದ ಆರಂಭಿಸಿ ಕೈಗಳಿಗೆ ಬಂದು, ಆಮೇಲೆ ಬಟ್ಟೆಯನ್ನು ಸಂದುಗಳಿಗೆ ಇಳಿಸಿ. ಸಂದಿನೊಳಗೆ ಉದ್ದನೆಯ ಫೋಮಿನ ಕೋಲನ್ನೋ ಬಿಗಿಯಾಗಿ ಸುರುಳಿ ಸುತ್ತಿದ ಹಳೆಯ ಟವೆಲನ್ನೋ ಒತ್ತಿ ಸೇರಿಸಿದರೆ ಬಟ್ಟೆ ಎದ್ದುಬರುವುದಿಲ್ಲ. ಅಡಿಯ ಪಟ್ಟಿಗಳನ್ನು ಕೊನೆಯಲ್ಲಿ ಕಟ್ಟಬೇಕು, ಮೊದಲೇ ಬಿಗಿದರೆ ಸಂದಿಗೆ ಬಟ್ಟೆ ಸಾಲುವುದಿಲ್ಲ.

ಒಗೆಯುವಾಗ ಜಿಪ್ ಮತ್ತು ವೆಲ್ಕ್ರೋ ಮುಚ್ಚಿರಲಿ. ಹಿಗ್ಗುವ ಬಟ್ಟೆಗೆ 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಡ, ಬ್ಲೀಚು ಬೇಡ, ಒಣಗುವುದು ನೆರಳಿನಲ್ಲಾಗಲಿ. ಹತ್ತಿ ಅಥವಾ ಲಿನನ್ ಕವರು ಪೂರ್ತಿ ಒಣಗುವ ಸ್ವಲ್ಪ ಮುಂಚೆ, ಕೈಗೆ ತುಸು ತಂಪು ತಗಲುವ ಹದದಲ್ಲಿ ತೊಡಿಸಿ ಅಂಗೈಯಿಂದ ಸವರಿದರೆ ಇಸ್ತ್ರಿಯ ಕೆಲಸ ಉಳಿಯುತ್ತದೆ. ಆದರೆ ಹಸಿಯಾಗಿರುವಾಗ ತೊಡಿಸಿದರೆ ಫೋಮು ತೇವ ಹೀರಿ ವಾಸನೆ ಹಿಡಿಯುತ್ತದೆ. ಒಂದು ಮೆತ್ತೆಯ ಗವಸು ಮಾತ್ರ ಮೇಲಿಂದ ಮೇಲೆ ಮಾಸುತ್ತಿದ್ದರೂ ಆಗಾಗ ಎಲ್ಲ ತುಂಡುಗಳನ್ನೂ ಒಟ್ಟಿಗೇ ಒಗೆಯಿರಿ, ಇಲ್ಲವಾದರೆ ಅದೊಂದೇ ಬಣ್ಣ ತೇಲಿ ಬೇರೆಯಾಗಿ ಕಾಣತೊಡಗುತ್ತದೆ. ಹೊಲಿಸುವವರು ಆಸನದ ಗವಸುಗಳ ಇನ್ನೊಂದು ಜೊತೆಗಾಗುವಷ್ಟು ಬಟ್ಟೆಯನ್ನು ಅದೇ ಥಾನಿನಿಂದ ಕೊಂಡಿಟ್ಟುಕೊಳ್ಳಬೇಕು. ಮೊದಲು ಸವೆಯುವುದು ಆಸನವೇ, ಮತ್ತು ಮುಂದಿನ ಸಲ ಬರುವ ಥಾನಿನ ಬಣ್ಣ ಹೊಂದುತ್ತದೆಂಬ ಭರವಸೆಯಿಲ್ಲ.